ಎರಡನೆಯ ಆಲ್ಬಮ್: ಗದ್ದಲದೊಳಗಿನ ಲೆಕ್ಕ

ಗರುಡಾಚಾರ್‌ಪಾಳ್ಯದ ಮೆಟ್ರೊ ನಿಲ್ದಾಣದಲ್ಲಿ ಸಂಜೆ ಹೊತ್ತು ರೈಲಿಗೆ ಕಾಯುವ ಕಾಲೇಜು ಹುಡುಗರಲ್ಲಿ ಕಪ್ಪು ಟೀ ಷರ್ಟಿನವರು ಒಬ್ಬಿಬ್ಬರಾದರೂ ಕಣ್ಣಿಗೆ ಬೀಳುತ್ತಾರೆ. ಎದೆಯ ಮೇಲೆ ತಲೆಬುರುಡೆಯ ಚಿತ್ರ, ಅದರ ಮೇಲೆ ಜಾಲಿಮುಳ್ಳು ಜೋಡಿಸಿಟ್ಟಂತೆ ಓದಲಾಗದ ಅಕ್ಷರ, ಕಿವಿಯಲ್ಲಿ ಇಯರ್‌ಫೋನ್. ಪಕ್ಕದಲ್ಲಿ ನಿಂತವರಿಗೂ ಕೇಳುವಷ್ಟು ಸದ್ದು. ಇದೇ ಸದ್ದು ಮನೆಯಲ್ಲಿ ಕೋಣೆಯ ಬಾಗಿಲ ಸಂದಿಯಿಂದ ಹೊರಬಂದಾಗ ತಾಯಂದಿರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ‘ಇದೇನೋ, ಹಾಡೋ ಜಗಳವೋ?’ ತಂದೆಯ ಪ್ರಶ್ನೆ ಇನ್ನೂ ಚಿಕ್ಕದು: ‘ಓದೋದು ಯಾವಾಗ?’

ಎರಡೂ ನ್ಯಾಯವಾದ ಪ್ರಶ್ನೆಗಳೇ. ಗದರಿಕೆಯಲ್ಲಿ ಮುಗಿಸಿಬಿಡದೆ ಅವಕ್ಕೆ ಉತ್ತರ ಹುಡುಕಲು ಹೊರಟರೆ ದೂರದ ಇಂಗ್ಲೆಂಡಿಗೋ ಅಮೆರಿಕಕ್ಕೋ ಹೋಗಬೇಕಾಗಿಲ್ಲ. ಬೆಂಗಳೂರಿನದೇ ಆದ ಒಂದು ತಂಡವಿದೆ, ಹೆಸರು ಕ್ರಿಪ್ಟೋಸ್. 2008ರಲ್ಲಿ ಬಿಡುಗಡೆಯಾದ ಅದರ ಎರಡನೆಯ ಆಲ್ಬಮ್ ‘ದಿ ಆರ್ಕ್ ಆಫ್ ಜೆಮಿನಿ’, ಅಂದರೆ ಮಿಥುನದ ನೌಕೆ.

ಹೆವಿ ಮೆಟಲ್ ಸಂಗೀತಕ್ಕೂ ನಗರದ ಈ ಪೂರ್ವ ಭಾಗಕ್ಕೂ ಹಳೆಯ ನಂಟು. ಇಂದಿರಾನಗರದ ಸಣ್ಣಪುಟ್ಟ ವೇದಿಕೆಗಳಲ್ಲಿ ಈ ತಂಡಗಳು ನುಡಿಸುತ್ತ ಬಂದಿವೆ. ಗರುಡಾಚಾರ್‌ಪಾಳ್ಯದ ನೆರೆಯಲ್ಲೇ, ಮಹದೇವಪುರದ ದ್ಯಾವಸಂದ್ರ ಕೈಗಾರಿಕಾ ಪ್ರದೇಶದ ನಡುವೆ ‘ಕೌಂಟರ್ ಕಲ್ಚರ್’ ಎಂಬ ತಾಣವೊಂದು ಕೆಲವು ವರ್ಷ ನಡೆದು ಮುಚ್ಚಿತು. ಸುತ್ತ ಲೇತು, ಪ್ರೆಸ್ಸು, ಶೀಟ್ ಕತ್ತರಿಸುವ ಯಂತ್ರಗಳ ಸದ್ದು, ಒಳಗೆ ಗಿಟಾರು. ಎರಡನ್ನೂ ಒಟ್ಟಿಗೆ ಕೇಳಿದವರಿಗೆ ಈ ಸಂಗೀತದ ಹುಟ್ಟೂರು ಕಾರ್ಖಾನೆಯ ಊರು ಎಂದು ಹೇಳಿದರೆ ಆಶ್ಚರ್ಯವಾಗದು.

ಆ ಊರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್. ಟೋನಿ ಐಯೋಮಿ ಎಂಬ ಹುಡುಗ ಅಲ್ಲಿನ ತಗಡಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಹದಿನೇಳನೆಯ ವಯಸ್ಸಿನಲ್ಲಿ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಹೋಯಿತು. ಆತ ಎಡಚ, ತಂತಿ ಒತ್ತುವ ಕೈ ಅದೇ. ಇನ್ನು ಗಿಟಾರು ಮುಟ್ಟುವಂತಿಲ್ಲ ಎಂದು ಎಲ್ಲರೂ ತೀರ್ಮಾನಿಸಿದರು. ಹುಡುಗ ಪಾತ್ರೆ ತೊಳೆಯುವ ದ್ರವದ ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ. ಒತ್ತಲು ಸುಲಭವಾಗಲೆಂದು ಬ್ಯಾಂಜೊ ವಾದ್ಯದ ತೆಳು ತಂತಿಗಳನ್ನು ಬಿಗಿದ. ಆತನ ತಂಡ ‘ಬ್ಲ್ಯಾಕ್ ಸಬ್ಬತ್’ 1970ರ ಫೆಬ್ರುವರಿ 13ರಂದು ಮೊದಲ ಆಲ್ಬಮ್ ತಂದಿತು. ಏಳೇ ತಿಂಗಳಲ್ಲಿ, ಸೆಪ್ಟೆಂಬರ್ 18ರಂದು, ಎರಡನೆಯದಾದ ‘ಪ್ಯಾರನಾಯ್ಡ್’ ಬಂತು. ಮೊದಲನೆಯದು ಹೆಸರು ತಂದರೆ ಎರಡನೆಯದು ಹೆವಿ ಮೆಟಲ್ ಎಂಬ ಪ್ರಕಾರವನ್ನೇ ನೆಲೆಗೊಳಿಸಿತು.

ಈ ಕ್ಷೇತ್ರದಲ್ಲಿ ಎರಡನೆಯ ಆಲ್ಬಮ್ಮಿನ ಮೇಲೆ ಯಾವಾಗಲೂ ಎಲ್ಲರ ಕಣ್ಣು. ಕಾರಣ ಸರಳ. ಮೊದಲ ಆಲ್ಬಮ್ಮಿಗೆ ತಂಡದವರು ಅದುವರೆಗಿನ ಆಯುಷ್ಯದಲ್ಲಿ ಕೂಡಿಟ್ಟ ರಾಗಗಳೆಲ್ಲ ಒದಗುತ್ತವೆ. ಎರಡನೆಯದಕ್ಕೆ ಬರುವ ಹೊತ್ತಿಗೆ ಕಣಜ ಖಾಲಿ; ಹೊಸದಾಗಿ ಬಿತ್ತಿ ಬೆಳೆಯಬೇಕು. ಎಸ್ಸೆಸ್ಸೆಲ್ಸಿಯಲ್ಲಿ ಮುಂದಿದ್ದ ಹುಡುಗ ಪಿಯುಸಿಯಲ್ಲಿ ಏನು ಮಾಡುತ್ತಾನೆ ಎಂದು ಬಂಧುಬಳಗ ಕಾಯುವುದಿಲ್ಲವೆ, ಹಾಗೆ. ಅಮೆರಿಕದ ‘ಮೆಟಾಲಿಕಾ’ ತಂಡದ ಮೊದಲ ಆಲ್ಬಮ್ 1983ರ ಜುಲೈಯಲ್ಲಿ ಬಂತು, ಎರಡನೆಯದು 1984ರ ಜುಲೈಯಲ್ಲಿ. ಅವರಿಗೆ ಸಿಕ್ಕಿದ್ದು ಒಂದೇ ವರ್ಷ.

ಕ್ರಿಪ್ಟೋಸ್‌ಗೆ ಹಿಡಿದದ್ದು ನಾಲ್ಕು ವರ್ಷ.

ತಂಡ ಹುಟ್ಟಿದ್ದು 1998ರಲ್ಲಿ. ನೋಲನ್ ಲೂಯಿಸ್ ಮತ್ತು ಗಣೇಶ್ ಕೃಷ್ಣಸ್ವಾಮಿ ಅದರ ಸ್ಥಾಪಕರು. ಹೆಸರಿನ ಬಗ್ಗೆ ವಿಜ್ಞಾನದ ವಿದ್ಯಾರ್ಥಿಗಳಿಗೆ ಒಂದು ಸ್ವಾರಸ್ಯವಿದೆ. ‘ಕ್ರಿಪ್ಟೋಸ್’ ಎಂದರೆ ಗ್ರೀಕ್ ಭಾಷೆಯಲ್ಲಿ ಅಡಗಿರುವುದು, ಗುಪ್ತವಾದದ್ದು. ಗಾಳಿಯಲ್ಲಿ ಅತ್ಯಲ್ಪ ಪ್ರಮಾಣದಲ್ಲಿ ಅಡಗಿದ್ದ ಅನಿಲವೊಂದನ್ನು 1898ರಲ್ಲಿ ವಿಲಿಯಂ ರಾಮ್ಸೆ ಮತ್ತು ಮಾರಿಸ್ ಟ್ರಾವರ್ಸ್ ಕಂಡುಹಿಡಿದಾಗ ಇದೇ ಪದದಿಂದ ಅದಕ್ಕೆ ಕ್ರಿಪ್ಟಾನ್ ಎಂದು ಹೆಸರಿಟ್ಟರು. ಆ ಟ್ರಾವರ್ಸ್ ಮುಂದೆ ಬೆಂಗಳೂರಿಗೆ ಬಂದು ಟಾಟಾ ಇನ್‌ಸ್ಟಿಟ್ಯೂಟಿನ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯ, ಮೊದಲ ನಿರ್ದೇಶಕರಾದರು. ಅನಿಲ ಸಿಕ್ಕಿ ಸರಿಯಾಗಿ ನೂರು ವರ್ಷಕ್ಕೆ ಅದೇ ಪದವನ್ನು ಹೆಸರಾಗಿಟ್ಟುಕೊಂಡ ತಂಡ ಟ್ರಾವರ್ಸ್ ನೆಲೆಸಿದ್ದ ಊರಿನಲ್ಲಿಯೇ ಹುಟ್ಟಿತು. ಇದು ಬರೀ ಕಾಕತಾಳೀಯ; ಆದರೂ ಆವರ್ತ ಕೋಷ್ಟಕ ಬಾಯಿಪಾಠ ಮಾಡುವಾಗ ನೆನಪಿಗೆ ಅನುಕೂಲ.

ಹೆಸರಿಗೆ ತಕ್ಕಂತೆ ತಂಡ ಬಹುಕಾಲ ಗುಪ್ತವಾಗಿಯೇ ಇತ್ತು. ಮೊದಲ ಆಲ್ಬಮ್ ‘ಸ್ಪೈರಲ್ ಅಸೆಂಟ್’ ಬಂದದ್ದು 2004ರಲ್ಲಿ, ತಂಡ ಕಟ್ಟಿದ ಆರು ವರ್ಷಕ್ಕೆ. ಬೆಂಗಳೂರಿನಲ್ಲಿ 1990ರ ದಶಕದಲ್ಲೇ ‘ಮಿಲೇನಿಯಂ’ನಂಥ ಮೆಟಲ್ ತಂಡಗಳಿದ್ದರೂ ಕೇಳುಗರು ಹೆಚ್ಚಾಗಿ ಕಾಲೇಜು ಹುಡುಗರು. ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ನಕಲಿಳಿಸಿಕೊಂಡು ಕೇಳುತ್ತಿದ್ದವರ ಬಳಗ ಅದು. ಈ ಬಳಗ ಎಷ್ಟು ದೊಡ್ಡದೆಂದು ಊರಿಗೆ ಗೊತ್ತಾದದ್ದು 2007ರ ಮಾರ್ಚ್ 17ರ ಶನಿವಾರ. ಅಂದು ಅರಮನೆ ಮೈದಾನದಲ್ಲಿ ಇಂಗ್ಲೆಂಡಿನ ‘ಐರನ್ ಮೇಡನ್’ ತಂಡದ ಕಾರ್ಯಕ್ರಮ. ದೇಶದ ಮೂಲೆಮೂಲೆಗಳಿಂದ ಸಾವಿರಾರು ಮಂದಿ ಬಂದಿಳಿದರು. ಮರುವರ್ಷ ಮಾರ್ಚ್ 14ರಂದು ಅದೇ ಮೈದಾನದಲ್ಲಿ ‘ಮೆಗಾಡೆತ್’. ಎರಡೂ ಪರೀಕ್ಷೆಯ ಕಾಲದಲ್ಲಿಯೇ ಬಂದದ್ದು ಎಷ್ಟು ಮನೆಗಳಲ್ಲಿ ಮಾತಿಗೆ ಮಾತು ಬೆಳೆಸಿತೋ!

‘ದಿ ಆರ್ಕ್ ಆಫ್ ಜೆಮಿನಿ’ ಬಿಡುಗಡೆಯಾದದ್ದು ಆ 2008ರಲ್ಲಿಯೇ. ಅಮೆರಿಕದ ‘ಓಲ್ಡ್ ಸ್ಕೂಲ್ ಮೆಟಲ್ ರೆಕಾರ್ಡ್ಸ್’ ಎಂಬ ಚಿಕ್ಕ ಸಂಸ್ಥೆ ಅದನ್ನು ಹೊರದೇಶದ ಕೇಳುಗರಿಗೆ ತಲುಪಿಸಿತು. ಸಿನಿಮಾ ಹಾಡಿನ ಸಿ.ಡಿ.ಗಳ ಹಾಗೆ ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಸಿಗುವ ಸರಕಲ್ಲ ಅದು. ಬೆಂಗಳೂರಿನ ಬಹುಪಾಲು ಜನಕ್ಕೆ ಅಂಥದೊಂದು ಬಂದದ್ದೇ ತಿಳಿಯಲಿಲ್ಲ. ಆದರೆ ಬೇರೆಲ್ಲೋ ಕುಳಿತು ಕೇಳಿದವರಿಗೆ ತಿಳಿಯಿತು. 2010ರಲ್ಲಿ ತಂಡ ಯೂರೋಪಿನ ಪ್ರವಾಸಕ್ಕೆ ಹೊರಟಿತು.

ಈಗ ತಾಯಿಯ ಪ್ರಶ್ನೆಗೆ ಬರೋಣ. ಹಾಡೋ ಜಗಳವೋ?

ಜಾತ್ರೆಯಲ್ಲೋ ರಾಜ್ಯೋತ್ಸವದ ಪೆಂಡಾಲಿನಲ್ಲೋ ಮೈಕಿನವನು ವಾಲ್ಯೂಮನ್ನು ಮಿತಿಮೀರಿ ಏರಿಸಿದಾಗ ಭಾಷಣಕಾರರ ದನಿ ಬಿರಿದು ಕರಕರ ಎನ್ನುವುದನ್ನು ಎಲ್ಲರೂ ಕೇಳಿದ್ದಾರೆ. ಆಂಪ್ಲಿಫೈಯರಿಗೆ ಒಂದು ಮಿತಿ ಇದೆ. ಅದಕ್ಕಿಂತ ಎತ್ತರದ ಅಲೆ ಬಂದರೆ ಅಲೆಯ ನೆತ್ತಿ ಕತ್ತರಿಸಿ ಹೋಗುತ್ತದೆ. ದುಂಡಗಿದ್ದ ಗುಡ್ಡದ ತಲೆ ಚಪ್ಪಟೆಯಾದಂತೆ. ಹೀಗೆ ನೆತ್ತಿ ಹೋದ ಅಲೆಯಲ್ಲಿ ಮೂಲ ಸ್ವರದ ಜೊತೆಗೆ ಅದರ ಮೂರು ಪಟ್ಟು, ಐದು ಪಟ್ಟು, ಏಳು ಪಟ್ಟು ಆವೃತ್ತಿಯ ಮೇಲುಸ್ವರಗಳು ಹೊಸದಾಗಿ ಹುಟ್ಟಿಕೊಳ್ಳುತ್ತವೆ. ಕರಕರ ಎನ್ನುವುದು ಇವೇ. ಮೈಕಿನವನಿಗೆ ಇದು ತಪ್ಪು. ಮೆಟಲ್ ಗಿಟಾರಿನವನು ಇದನ್ನೇ ಬೇಕೆಂದು, ಅಳತೆ ಹಿಡಿದು ಮಾಡಿಕೊಳ್ಳುತ್ತಾನೆ. ಡಿಸ್ಟಾರ್ಷನ್ ಎಂದು ಅದರ ಹೆಸರು.

ಸಂಗೀತದ ದನಿಯನ್ನು ಬೇಕೆಂದೇ ಕೆಡಿಸುವುದು ಪಾಶ್ಚಾತ್ಯರ ಹುಚ್ಚು ಎಂದು ಭಾವಿಸುವವರು ಮನೆಯ ಮೂಲೆಯಲ್ಲಿರುವ ತಂಬೂರಿಯನ್ನೊಮ್ಮೆ ನೋಡಬೇಕು. ತಂಬೂರಿಯ ಕುದುರೆ ಚೂಪಾಗಿಲ್ಲ, ಅಗಲವಾಗಿ ಸ್ವಲ್ಪ ಬಾಗಿದೆ. ಅದರ ಮೇಲೆ ತಂತಿಯ ಅಡಿಗೆ ನೂಲಿನ ಎಳೆಯೊಂದನ್ನು ತೂರಿಸಿ ಹಿಂದೆ ಮುಂದೆ ಸರಿಸಿ ಜೀವಾಳ ಹೊಂದಿಸುತ್ತಾರೆ. ಆಗ ತಂತಿ ಕುದುರೆಯ ಬಾಗಿಗೆ ಮತ್ತೆ ಮತ್ತೆ ತಾಗಿ ಝೇಂಕಾರ ಹುಟ್ಟುತ್ತದೆ. ನೂಲು ತೆಗೆದರೆ ಬರುವುದು ಸಪ್ಪೆ ‘ಟಂಯ್’. ಸರ್ ಸಿ.ವಿ. ರಾಮನ್ 1921ರಲ್ಲಿ ಇದರ ಬಗ್ಗೆಯೇ ಒಂದು ಪ್ರಬಂಧ ಪ್ರಕಟಿಸಿದರು. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟಿದರೆ ಯಾವ ಮೇಲುಸ್ವರ ಹುಟ್ಟಬಾರದು ಎಂದು ಯೂರೋಪಿನ ವಿಜ್ಞಾನಿಗಳು ನಿಯಮ ಮಾಡಿದ್ದರು. ಹುಟ್ಟಬಾರದ ಆ ಸ್ವರಗಳೂ ವೀಣೆ, ತಂಬೂರಿಗಳಲ್ಲಿ ಸೊಗಸಾಗಿ ಕೇಳಿಬರುತ್ತವೆ ಎಂದು ರಾಮನ್ ತೋರಿಸಿದರು. ಕಾರಣ ಆ ಬಾಗಿದ ಕುದುರೆ. ತಂತಿಯ ಸಹಜ ಚಲನೆಗೆ ಅಡ್ಡ ಹಾಕಿ ಮೇಲುಸ್ವರ ಹುಟ್ಟಿಸುವ ಉಪಾಯ ನಮ್ಮಲ್ಲಿ ವಿದ್ಯುತ್ತಿಗಿಂತ ಹಳೆಯದು.

ಹೋಲಿಕೆ ಇಲ್ಲಿಗೇ ನಿಲ್ಲುವುದಿಲ್ಲ. ತಂಬೂರಿಯಲ್ಲಿ ಶ್ರುತಿ ಮಾಡುವುದು ಷಡ್ಜ, ಪಂಚಮ. ಮೆಟಲ್ ಗಿಟಾರಿನ ಬೆನ್ನೆಲುಬಾದ ‘ಪವರ್ ಕಾರ್ಡ್’ ಕೂಡ ಇದೇ ಸ-ಪ ಜೋಡಿ. ಬೇರೆ ಸ್ವರ ಏಕಿಲ್ಲ? ಲೆಕ್ಕ ಮಾಡಿ ನೋಡಬಹುದು. ಷಡ್ಜಕ್ಕೆ 80 ಹರ್ಟ್ಸ್ ಎಂದಿಟ್ಟುಕೊಳ್ಳಿ. ಗಿಟಾರಿನ ಅತಿ ದಪ್ಪ ತಂತಿಯ ಆವೃತ್ತಿ ಸುಮಾರು ಅಷ್ಟೇ. ಪಂಚಮ ಅದರ ಒಂದೂವರೆ ಪಟ್ಟು, 120. ನೆತ್ತಿ ಕತ್ತರಿಸುವ ಆಂಪ್ಲಿಫೈಯರಿಗೆ ಎರಡು ಸ್ವರಗಳನ್ನು ಒಟ್ಟಿಗೆ ಕೊಟ್ಟರೆ ಅವುಗಳ ವ್ಯತ್ಯಾಸ ಮತ್ತು ಮೊತ್ತದ ಸ್ವರಗಳೂ ಹುಟ್ಟುತ್ತವೆ. ವ್ಯತ್ಯಾಸ 40: ಸರಿಯಾಗಿ ಕೆಳಗಿನ ಸ್ಥಾಯಿಯ ಷಡ್ಜ. ಯಾರೂ ಮೀಟದ ತಂತಿಯೊಂದು ನೆಲದಡಿಯಲ್ಲಿ ಮೊಳಗಿದಂತೆ. ಮೊತ್ತ 200: ಇದು 160ರ, ಅಂದರೆ ಮೇಲಿನ ಸ್ಥಾಯಿಯ ಷಡ್ಜದ, ಒಂದೂಕಾಲು ಪಟ್ಟು. ಸಂಗೀತ ಕಲಿತ ಮಕ್ಕಳು ಗುರುತಿಸಿಯಾರು, ಅದು ಅಂತರ ಗಾಂಧಾರ. ಒಳ್ಳೆಯ ತಂಬೂರಿಯಲ್ಲಿ ತಾನಾಗಿ ಕೇಳಿಬರುವ, ವಿದ್ವಾಂಸರು ಸ್ವಯಂಭೂ ಗಾಂಧಾರ ಎಂದು ಕರೆಯುವ ಸ್ವರವೂ ಇದೇ.

ಇನ್ನು ಸ-ಪ ಬಿಟ್ಟು ಸ-ಗ ನುಡಿಸಿದರೆ? 80 ಮತ್ತು 100. ವ್ಯತ್ಯಾಸ 20, ಕಿವಿಗೆ ಕೇಳುವ ಮಿತಿಯ ಅಂಚು, ಸ್ವರಕ್ಕಿಂತ ನಡುಕವೆನ್ನಬೇಕು. ಮೊತ್ತ 180, ಕರೆಯದೆ ಬಂದ ರಿಷಭ. ಸಾಲದ್ದಕ್ಕೆ ಗಿಟಾರಿನ ಮನೆಗಳ ಗಾಂಧಾರ ನಿಖರವಾಗಿ 100 ಅಲ್ಲ, 100.8ರ ಸಮೀಪ. ಹೀಗಾಗಿ ಹುಟ್ಟಿದ ಸ್ವರಗಳು ಒಂದಕ್ಕೊಂದು ಹೊಂದದೆ ಕಲಸುಮೇಲೋಗರವಾಗುತ್ತದೆ. ಪಂಚಮದಲ್ಲಾದರೆ ಈ ದೋಷ ಹೆಸರಿಗೆ ಮಾತ್ರ. ಮೆಟಲ್ ಗಿಟಾರಿಸ್ಟುಗಳಲ್ಲಿ ಹೆಚ್ಚಿನವರು ಈ ಲೆಕ್ಕ ಮಾಡಿದವರಲ್ಲ. ಕಿವಿಯೇ ಅವರಿಗೆ ಹೇಳಿಕೊಟ್ಟಿತು.

ಹಾಗಾದರೆ ಮೆಟಲ್ ಸಂಗೀತದಲ್ಲಿ ಸ-ಗ ಜೋಡಿ ನಿಷಿದ್ಧವೆ? ಕ್ರಿಪ್ಟೋಸ್ ಕೇಳಿದವರು ಇಲ್ಲವೆನ್ನುತ್ತಾರೆ. ಐರನ್ ಮೇಡನ್, ಜೂಡಾಸ್ ಪ್ರೀಸ್ಟ್ ಪರಂಪರೆಯಿಂದ ಬಂದ ಈ ತಂಡದ ಹೆಗ್ಗುರುತೇ ಜೋಡಿ ಗಿಟಾರು: ನೋಲನ್ ಲೂಯಿಸ್ ಮತ್ತು ರೋಹಿತ್ ಚತುರ್ವೇದಿ. ಒಬ್ಬರು ಒಂದು ಸ್ವರ ಹಿಡಿದರೆ ಇನ್ನೊಬ್ಬರು ಅದರ ಮೂರನೆಯ ಸ್ವರ ಹಿಡಿದು ಒಟ್ಟೊಟ್ಟಿಗೆ ಓಡುವುದು ಈ ಪರಂಪರೆಯ ಶೈಲಿ. ಕಲಸಿಹೋಗಬೇಕಾದ ಸ-ಗ ಇಲ್ಲಿ ಜೇನಿನಂತೆ ಹರಿಯುತ್ತದೆ. ಗುಟ್ಟು ಇಷ್ಟೇ. ವ್ಯತ್ಯಾಸ ಮತ್ತು ಮೊತ್ತದ ಸ್ವರಗಳು ಹುಟ್ಟುವುದು ಎರಡೂ ಸ್ವರ ಒಂದೇ ಆಂಪ್ಲಿಫೈಯರಿನಲ್ಲಿ ಹಾದಾಗ ಮಾತ್ರ. ಇಬ್ಬರು, ಎರಡು ಗಿಟಾರು, ಎರಡು ಆಂಪ್ಲಿಫೈಯರು ಇದ್ದಾಗ ಪ್ರತಿ ಸ್ವರವೂ ತನ್ನ ಪಾಡಿಗೆ ತಾನು ಬಿರಿದು, ಆಮೇಲೆ ಗಾಳಿಯಲ್ಲಿ ಕೂಡುತ್ತದೆ. ಗಾಳಿ ಯಾರ ನೆತ್ತಿಯನ್ನೂ ಕತ್ತರಿಸುವುದಿಲ್ಲ. ಒಬ್ಬನೇ ಎಷ್ಟು ಪ್ರತಿಭಾವಂತನಾದರೂ ಒಂದೇ ಆಂಪ್ಲಿಫೈಯರಿನ ಮುಂದೆ ಕುಳಿತು ಮಾಡಲಾಗದ ಕೆಲಸವನ್ನು ಇಬ್ಬರು ಮಾಡುತ್ತಾರೆ. ದೇವಸ್ಥಾನದ ನಾದಸ್ವರದ ಜೋಡಿಯ ಹಾಗೆ ಇಬ್ಬರ ಉಸಿರೂ ಕೂಡಬೇಕು, ಅಷ್ಟೇ. ಎರಡನೆಯ ಆಲ್ಬಮ್ಮಿನ ಹೆಸರಿನಲ್ಲಿ ಮಿಥುನ ರಾಶಿಯ ಅವಳಿಗಳಿರುವುದು ಈ ಕಾರಣಕ್ಕಲ್ಲದಿರಬಹುದು. ಆದರೂ ಹೆಸರು ಒಪ್ಪುತ್ತದೆ.

ಆದ್ದರಿಂದ ತಾಯಿಗೆ ಉತ್ತರ: ಹಾಡೇ. ಇಷ್ಟವಾಗಲೇಬೇಕೆಂದಿಲ್ಲ. ಹಾಡುಗಾರ ಕಿರುಚುವುದು ಕಷ್ಟವೆನಿಸಿದರೆ ಅದೂ ಸಹಜವೇ.

ಆದರೆ ತಾಯಿ ಕೇಳಬೇಕಾಗಿದ್ದ ಇನ್ನೊಂದು ಪ್ರಶ್ನೆ ಇದೆ: ‘ಎಷ್ಟು ಜೋರಾಗಿ ಇಟ್ಟಿದ್ದೀಯ?’ ಇದು ಎಲ್ಲಕ್ಕಿಂತ ಮುಖ್ಯವಾದದ್ದು. ಕಾರ್ಖಾನೆಯ ಕೆಲಸಗಾರರಿಗಾಗಿ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ ಮಿತಿ 85 ಡೆಸಿಬೆಲ್, ದಿನಕ್ಕೆ 8 ಗಂಟೆ. ಸದ್ದು 3 ಡೆಸಿಬೆಲ್ ಏರಿದಾಗಲೆಲ್ಲ ಕಾಲ ಅರ್ಧಕ್ಕಿಳಿಯಬೇಕು. 88ಕ್ಕೆ 4 ಗಂಟೆ, 91ಕ್ಕೆ 2, 94ಕ್ಕೆ 1. ನೂರು ಡೆಸಿಬೆಲ್ಲಿಗೆ ಬರುವಾಗ ಉಳಿಯುವುದು ಕಾಲು ಗಂಟೆ. ರಾಕ್ ಕಾರ್ಯಕ್ರಮಗಳಲ್ಲಿ ಸದ್ದು ನೂರನ್ನು ದಾಟುವುದು ಸಾಮಾನ್ಯ, ಕಾರ್ಯಕ್ರಮ ಮಾತ್ರ ಎರಡು ಮೂರು ಗಂಟೆಯದು. ಮಕ್ಕಳಿಗಂತೂ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಇನ್ನೂ ಬಿಗಿ: 75 ಡೆಸಿಬೆಲ್, ವಾರಕ್ಕೆ 40 ಗಂಟೆ. ಒಳಗಿವಿಯ ರೋಮಕೋಶಗಳು ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಕಾರ್ಯಕ್ರಮ ಮುಗಿಸಿ ಬಂದ ರಾತ್ರಿ ಕಿವಿಯಲ್ಲಿ ಗುಂಯ್ ಎನ್ನುತ್ತಿದ್ದರೆ ಅದು ಆ ಕೋಶಗಳ ದೂರು. ವೇದಿಕೆಯ ಮೇಲಿನ ಸಂಗೀತಗಾರರಲ್ಲಿ ಅನೇಕರು ಇಯರ್‌ಪ್ಲಗ್ ಹಾಕಿಕೊಂಡೇ ನುಡಿಸುತ್ತಾರೆ. ಕೆಳಗೆ ಕುಣಿಯುವ ಅಭಿಮಾನಿಗೆ ಮಾತ್ರ ಅದು ಅವಮಾನವೆನಿಸುತ್ತದೆ. ಅಂದಹಾಗೆ ಕಿವಿ ಸಂಗೀತದ ಜಾತಿ ಕೇಳುವುದಿಲ್ಲ. ಗಣೇಶನ ಮೆರವಣಿಗೆಯ ಡಿ.ಜೆ.ಗೂ ದೀಪಾವಳಿಯ ಪಟಾಕಿಗೂ ಲೆಕ್ಕ ಇದೇ. ರೈಲಿನಲ್ಲಿ ಪಕ್ಕದವರಿಗೆ ಇಯರ್‌ಫೋನಿನ ಸದ್ದು ಕೇಳುತ್ತಿದ್ದರೆ ಹುಡುಗನ ಭುಜ ತಟ್ಟಿ ಹೇಳುವುದು ತಪ್ಪಲ್ಲ.

ತಂದೆಯ ಪ್ರಶ್ನೆ ಉಳಿಯಿತು. ಓದುವುದು ಯಾವಾಗ? ಅದರ ಹಿಂದಿರುವುದು ನಿಜವಾಗಿ ಇನ್ನೊಂದು ಪ್ರಶ್ನೆ: ಇದರಿಂದ ಹೊಟ್ಟೆ ತುಂಬುತ್ತದೆಯೇ?

ಕ್ರಿಪ್ಟೋಸ್ ಆಲ್ಬಮ್‌ಗಳ ವರ್ಷಗಳನ್ನೇ ನೋಡಿ. 2004, 2008, 2012, 2016, 2019, 2021, 2024. ಮೊದಲ ನಾಲ್ಕರ ನಡುವೆ ನಾಲ್ಕು ನಾಲ್ಕು ವರ್ಷದ ಅಂತರ. ತಂಡವನ್ನು ಸಾಕುವ ಕಂಪನಿ ಬೆನ್ನಿಗಿದ್ದರೆ ಬ್ಲ್ಯಾಕ್ ಸಬ್ಬತ್‌ನಂತೆ ಏಳು ತಿಂಗಳಿಗೊಂದು ತರಬಹುದು. ಭಾರತದ ಮೆಟಲ್ ತಂಡಗಳ ಪಾಡು ಅದಲ್ಲ. ಸಾಮಾನ್ಯವಾಗಿ ಬೇರೆ ಕಡೆ ದುಡಿದು, ಸಂಜೆ ಅಭ್ಯಾಸ ಮಾಡಿ, ಸ್ಟುಡಿಯೊದ ಬಾಡಿಗೆಗೆ ತಾವೇ ಕೈಯಿಂದ ಹಾಕಬೇಕು. ಮೂರನೆಯ ಆಲ್ಬಮ್ ಬಂದ ಮರುವರ್ಷ, 2013ರಲ್ಲಿ, ಜರ್ಮನಿಯ ವಾಕನ್ ಎಂಬ ಹಳ್ಳಿಯಲ್ಲಿ 1990ರಿಂದ ನಡೆಯುತ್ತಿರುವ ಹೆಸರಾಂತ ಮೆಟಲ್ ಉತ್ಸವದಲ್ಲಿ ಕ್ರಿಪ್ಟೋಸ್ ನುಡಿಸಿತು. ಆ ಹೊತ್ತಿಗೆ ತಂಡಕ್ಕೆ ಹದಿನೈದು ವರ್ಷ. 2016ರ ‘ಬರ್ನ್ ಅಪ್ ದಿ ನೈಟ್’ ಅನ್ನು ಹೊರತಂದದ್ದು ಜರ್ಮನಿಯ ಎ.ಎಫ್.ಎಂ. ರೆಕಾರ್ಡ್ಸ್. ಅಲ್ಲಿಂದಾಚೆಗೆ ಅಂತರ ಕಡಿಮೆಯಾಗಿದೆ ಎಂಬುದನ್ನೂ ಗಮನಿಸಬೇಕು.

ಗಿಟಾರು ಬೇಕೆನ್ನುವ ಮಗನಿಗೆ, ಡ್ರಮ್ಸ್ ಕಲಿಯುತ್ತೇನೆನ್ನುವ ಮಗಳಿಗೆ ಈ ಪಟ್ಟಿಯನ್ನು ಮುಚ್ಚುಮರೆಯಿಲ್ಲದೆ ತೋರಿಸುವುದು ಒಳ್ಳೆಯದು. ಹಣ ಬೇಗ ಬರುವ ದಾರಿ ಇದಲ್ಲ ಎಂಬುದು ಅದರಲ್ಲಿದೆ. ಆರು ವರ್ಷ ಒಂದು ಆಲ್ಬಮ್ಮಿಗೆ, ಇನ್ನು ನಾಲ್ಕು ವರ್ಷ ಎರಡನೆಯದಕ್ಕೆ ಕಾದವರ ತಾಳ್ಮೆಯೂ ಅದರಲ್ಲಿದೆ. ಮೊದಲ ಆಲ್ಬಮ್ ತಂದು ಚದುರಿಹೋದ ತಂಡಗಳು ಎಷ್ಟೋ. ಒಬ್ಬನಿಗೆ ಅಮೆರಿಕದಲ್ಲಿ ಸೀಟು, ಇನ್ನೊಬ್ಬನಿಗೆ ಮದುವೆ, ಮತ್ತೊಬ್ಬನಿಗೆ ರಾತ್ರಿ ಪಾಳಿಯ ಕೆಲಸ. ಎರಡನೆಯದು ಬಂದಿತೆಂದರೆ ಯಾರೋ ಕುಳಿತು ಹಟ ಹಿಡಿದಿದ್ದಾರೆ ಎಂದೇ ಲೆಕ್ಕ. ಗಿಟಾರಿಗೆ ದಿನಕ್ಕೊಂದು ಗಂಟೆ ಕೊಟ್ಟರೆ ಓದು ಕೆಡುವುದಿಲ್ಲ. ಕೆಡಿಸುವಷ್ಟು ಗಂಟೆಗಳನ್ನು ಈಗ ಮೊಬೈಲು ತಿನ್ನುತ್ತಿದೆ.

ಸ್ಥಾಪಕರಲ್ಲೊಬ್ಬರಾದ ಗಣೇಶ್ ಕೃಷ್ಣಸ್ವಾಮಿ ಮುಂದೆ ಬೆಂಗಳೂರಿನದೇ ಮತ್ತೊಂದು ತಂಡದ ಹಾಡುಗಾರರಾದರು. ನಿಧಾನವಾದ, ಭಾರವಾದ, ಬ್ಲ್ಯಾಕ್ ಸಬ್ಬತ್ ದಾರಿಯ ಸಂಗೀತ ಅದರದು. ಮೊದಲ ಆಲ್ಬಮ್ 2012ರಲ್ಲಿ, ಎರಡನೆಯ ‘ಇನ್ವೋಕ್ ದಿ ಬಿಜಾರ್’ 2015ರಲ್ಲಿ. ತಂಡದ ಹೆಸರನ್ನು ಇಂಗ್ಲಿಷಿನಲ್ಲಿ ‘ಬೇವರ್ ಸೀ’ ಎಂದು ಬಿಡಿಸಿ ಬರೆಯುತ್ತಾರೆ. ಹೊರದೇಶದ ಕೇಳುಗರು ಇದು ಯಾವುದೋ ಸಮುದ್ರವಿರಬೇಕೆಂದುಕೊಂಡಾರು. ಬಿಡಿಸದೆ ಕೂಡಿಸಿ ಓದಿದರೆ ಕನ್ನಡದ ಮಕ್ಕಳಿಗೆ ಕೂಡಲೇ ಅರ್ಥವಾಗುತ್ತದೆ. ವಾರಸುದಾರರಿಲ್ಲದ್ದು ಎಂಬರ್ಥದ ಹಳೆಯ ಕಚೇರಿ ಪದ ಬೀದಿಗಿಳಿದು ಬೈಗುಳವಾದ ರೂಪ ಅದು. ರಾತ್ರಿ ಹನ್ನೊಂದಕ್ಕೆ ಮನೆಗೆ ಬಂದ ಮಗನನ್ನು ತಂದೆ ಅದೇ ಪದದಿಂದ ಸ್ವಾಗತಿಸಿದರೆ, ಅಪ್ಪನೂ ಆಲ್ಬಮ್ ಕೇಳಿದ್ದಾರೆಂದು ಮಗ ತಿಳಿದುಕೊಳ್ಳುವ ಸಾಧ್ಯತೆ ಇದೆ.